ರೋಗಿಯ ಕುರ್ಚಿ ಮನೆಯಿಂದ ಮನೆಗೆ: ತೊಳೆಯುವವರು ಯಾರು?

ನಾಸಿಕ್: ಊರಿನಿಂದ ಹೊಸದಾಗಿ ಮಹಾರಾಷ್ಟ್ರಕ್ಕೆ ಬಂದ ಕನ್ನಡಿಗರನ್ನು ಇಲ್ಲಿನ ಒಂದು ಫಲಕ ಗೊಂದಲಕ್ಕೀಡು ಮಾಡುವುದುಂಟು. 'ರುಗ್ಣೋಪಯೋಗಿ ಸಾಹಿತ್ಯ ಕೇಂದ್ರ' ಎಂದು ಅದರಲ್ಲಿ ಬರೆದಿರುತ್ತದೆ. ರೋಗಿಗಳು ಮಲಗಿಕೊಂಡು ಓದಲು ಕಥೆ, ಕಾದಂಬರಿ ಕೊಡುವ ಜಾಗವಿರಬೇಕೆಂದು ಒಳಗೆ ಇಣುಕಿದರೆ ಕಾಣುವುದು ವೀಲ್‌ಚೇರ್, ವಾಕರ್, ಏರ್‌ಬೆಡ್, ಕಮೋಡ್ ಕುರ್ಚಿ. ಮರಾಠಿಯಲ್ಲಿ ಸಾಹಿತ್ಯವೆಂದರೆ ಸಾಮಾನು ಸಲಕರಣೆ ಎಂಬ ಅರ್ಥವೂ ಇದೆ ಎಂದು ತಿಳಿಯುವಷ್ಟರಲ್ಲಿ ಎಷ್ಟೋ ಮಂದಿಗೆ ಆ ಕೇಂದ್ರದ ಅಗತ್ಯವೇ ಬಂದಿರುತ್ತದೆ.

ಸ್ವಲ್ಪ ಠೇವಣಿ, ಅತ್ಯಲ್ಪ ಬಾಡಿಗೆ ಪಡೆದು ರೋಗಿಗೆ ಬೇಕಾದ ಸಾಮಾನು ಮನೆಗೆ ಕೊಡುವ ಈ ಪದ್ಧತಿ ಮಹಾರಾಷ್ಟ್ರದ ಊರೂರಿನಲ್ಲೂ ಬೇರುಬಿಟ್ಟಿದೆ. ಸೇವಾ ಸಂಸ್ಥೆಗಳು, ಜ್ಯೇಷ್ಠ ನಾಗರಿಕ ಸಂಘಗಳು, ದೇವಸ್ಥಾನದ ಮಂಡಳಿಗಳು ಇದನ್ನು ನಡೆಸುತ್ತವೆ. ಸಂಘದ ಕಚೇರಿಯ ಮೂಲೆಯಲ್ಲಿ ಒಂದೆರಡು ವೀಲ್‌ಚೇರ್ ಇಟ್ಟುಕೊಂಡು ಸದಸ್ಯರಿಗೆ ಕೊಡುವ ಕನ್ನಡ ಸಂಘಗಳೂ ಇಲ್ಲದಿಲ್ಲ. ಇದು ಶ್ಲಾಘನೀಯ ಕೆಲಸ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಮನೆಯಿಂದ ವಾಪಸು ಬಂದ ಕುರ್ಚಿ ಮತ್ತೊಂದು ಮನೆಗೆ ಹೋಗುವ ಮುನ್ನ ಅದನ್ನು ತೊಳೆದವರು ಯಾರು, ಯಾವುದರಿಂದ ತೊಳೆದರು ಎಂದು ಕೇಳಿದರೆ ಹೆಚ್ಚಿನ ಕಡೆ ಸಿಗುವ ಉತ್ತರ "ಒರೆಸಿಟ್ಟಿದ್ದೇವೆ" ಎಂಬುದೇ ಆಗಿರುತ್ತದೆ.

ಗೋದಾವರಿ ತೀರದ ಹಿರಿಯರು

ಕನ್ನಡ ನಾಡಿನ ಉತ್ತರದ ಎಲ್ಲೆ ಗೋದಾವರಿ ಎಂದು 'ಕವಿರಾಜಮಾರ್ಗ' ಹೇಳುತ್ತದೆ. ಎಲ್ಲೋರದ ಕೈಲಾಸನಾಥ ದೇಗುಲವನ್ನು ಕೊರೆಯಿಸಿದವರು ರಾಷ್ಟ್ರಕೂಟರು. ಆ ಲೆಕ್ಕದಲ್ಲಿ ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರ (2023ರವರೆಗೆ ಔರಂಗಾಬಾದ್) ಕನ್ನಡಿಗರಿಗೆ ಪರಸ್ಥಳಗಳೇ ಅಲ್ಲವೆಂದು ವೇದಿಕೆಯ ಮೇಲೆ ಹೇಳಿ ಚಪ್ಪಾಳೆ ಗಿಟ್ಟಿಸುವುದು ಸುಲಭ. ವಾಸ್ತವದಲ್ಲಿ ಇಂದಿನ ಕನ್ನಡಿಗರು ಇಲ್ಲಿಗೆ ಬಂದದ್ದು ಹೊಟ್ಟೆಪಾಡಿಗಾಗಿ. ಓಝರ್‌ನ ಎಚ್‌ಎಎಲ್ ವಿಮಾನ ಕಾರ್ಖಾನೆ, ನಾಸಿಕ್ ರೋಡಿನ ನೋಟು ಮುದ್ರಣಾಲಯ, ಸಾತಪುರ, ಅಂಬಡ್, ಚಿಕಲ್‌ಠಾಣಾ, ವಾಳೂಜ್‌ಗಳ ಎಂಐಡಿಸಿ ಕೈಗಾರಿಕೆಗಳು, ಬ್ಯಾಂಕುಗಳು, ಅವೆಲ್ಲಕ್ಕಿಂತ ಹೆಚ್ಚಾಗಿ ಉಡುಪಿ, ದಕ್ಷಿಣ ಕನ್ನಡದವರ ಹೊಟೇಲುಗಳು ಅವರನ್ನು ಇಲ್ಲಿಗೆ ಎಳೆದು ತಂದವು.

ಆಗ ಇಪ್ಪತ್ತರ ಹರೆಯದಲ್ಲಿ ಬಂದವರು ಇಂದು ಎಪ್ಪತ್ತು ದಾಟಿದ್ದಾರೆ. ಮಕ್ಕಳು ಪುಣೆ, ಬೆಂಗಳೂರು, ಇಲ್ಲವೇ ಅದಕ್ಕೂ ದೂರ. ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಇಬ್ಬರೇ ಇರುವ ಮನೆಗಳು ಎಷ್ಟಿಲ್ಲ? ಅಂಥ ಮನೆಯಲ್ಲಿ ಒಬ್ಬರು ಪಾರ್ಶ್ವವಾಯುವಿಗೆ ತುತ್ತಾದರೆ ಅಥವಾ ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡರೆ ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಶೌಚಕ್ಕೆ, ಮನೆಯಿಂದ ಆಸ್ಪತ್ರೆಗೆ ಸಾಗಿಸುವ ಹೊಣೆ ಇನ್ನೊಬ್ಬರ ಬೆನ್ನಿನ ಮೇಲೆ ಬೀಳುತ್ತದೆ. ಆಗ ಬೇಕಾಗುವುದೇ ಈ ಸಾಮಾನು: ವೀಲ್‌ಚೇರ್, ಸೊಂಟಕ್ಕೆ ಕಟ್ಟಿ ಎಬ್ಬಿಸುವ ಬೆಲ್ಟ್, ಜಾರಿಸಿ ಕೂರಿಸುವ ಹಲಗೆ, ಮಗ್ಗುಲು ಬದಲಿಸಲು ನುಣುಪಾದ ಜಾರುಹಾಳೆ, ಅನುಕೂಲವಿದ್ದವರ ಮನೆಯಲ್ಲಿ ಜೋಲಿಯಲ್ಲಿ ಕೂರಿಸಿ ಮೇಲೆತ್ತುವ ಪೇಶಂಟ್ ಲಿಫ್ಟ್.

ಇವೆಲ್ಲ ರೋಗಿಯ ಮೈಗೆ ತಾಗಿಯೇ ಕೆಲಸ ಮಾಡುವ ವಸ್ತುಗಳು. ಬೆವರು, ಎಂಜಲು, ಗಾಯದ ಕೀವು, ಮೂತ್ರ, ಮಲ ಎಲ್ಲದರ ಸಂಪರ್ಕವೂ ಅವಕ್ಕಿದೆ. ಆದರೂ ಇಂಜೆಕ್ಷನ್ ಸೂಜಿಯ ಬಗ್ಗೆ ಇಂದು ಹಳ್ಳಿಯ ಅಜ್ಜಿಗೂ ಇರುವ ಎಚ್ಚರ ವೀಲ್‌ಚೇರಿನ ಬಗ್ಗೆ ಓದಿದವರಿಗೂ ಇಲ್ಲ. ಕುರ್ಚಿಯೆಂದರೆ ಪೀಠೋಪಕರಣ ಎಂಬ ಭಾವನೆಯೇ ಇದಕ್ಕೆ ಕಾರಣವಿರಬಹುದು.

ಕುರ್ಚಿಯೊಂದಿಗೆ ಏನು ಬರುತ್ತದೆ, ಏನು ಬರುವುದಿಲ್ಲ

ಒಂದು ಕುರ್ಚಿಯ ಆರು ತಿಂಗಳ ಲೆಕ್ಕ ಊಹಿಸಿಕೊಳ್ಳಿ. ಮೊದಲು ಮೊಣಕಾಲು ಶಸ್ತ್ರಚಿಕಿತ್ಸೆಯಾದವರ ಮನೆ. ಬಳಿಕ ಬೆನ್ನಿನಲ್ಲಿ ಒತ್ತುಹುಣ್ಣಾಗಿ ಮಲಗಿದಲ್ಲೇ ಇರುವವರ ಮನೆ. ನಡುವೆ ಒಂದು ವಾರ ಊರಿನಿಂದ ಬಂದ ಅತ್ತೆ ಮಾವನನ್ನು ಶಿರ್ಡಿ, ಶನಿ ಶಿಂಗಣಾಪುರ, ತ್ರ್ಯಂಬಕೇಶ್ವರ ಸುತ್ತಿಸಲು ಒಯ್ದವರು. ಅವರು ವಾಪಸು ಕೊಟ್ಟ ಕುರ್ಚಿಯ ಸಂದಿನಲ್ಲಿ ಕುಂಕುಮ, ಪ್ರಸಾದದ ಚೂರು, ಬಾಳೆಹಣ್ಣಿನ ಸಿಪ್ಪೆ ಸಿಕ್ಕಿದರೆ ಆಶ್ಚರ್ಯವಿಲ್ಲ. ಕಣ್ಣಿಗೆ ಕಾಣುವ ಈ ಕಸ ಅಷ್ಟೇನೂ ಅಪಾಯದ್ದಲ್ಲ. ಒತ್ತುಹುಣ್ಣಿನ ಮನೆಯಿಂದ ಬಂದು ದಿಂಬಿನ ಹೊಲಿಗೆಯಲ್ಲಿ ಕುಳಿತದ್ದೇ ಅಪಾಯದ್ದು.

ಸಾಮಾನ್ಯ ಔಷಧಿಗೆ ಬಗ್ಗದ ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾ ಒಣ ಮೇಲ್ಮೈಯಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬದುಕಿರಬಲ್ಲದು. ಒಣಗಿದ ರಕ್ತದ ಕಲೆಯಲ್ಲಿ ಹೆಪಟೈಟಿಸ್ ಬಿ ವೈರಸ್ಸು ಕನಿಷ್ಠ ಏಳು ದಿನ ಸೋಂಕು ಹಚ್ಚುವ ಶಕ್ತಿ ಉಳಿಸಿಕೊಂಡಿರುತ್ತದೆ. ತುರಿಕಜ್ಜಿಯ ಹುಳು ಮೈಯಿಂದ ಹೊರಗೆ ಎರಡು ಮೂರು ದಿನ ಜೀವಂತವಿರುತ್ತದೆ. ಬಟ್ಟೆಯ ದಿಂಬಿನೊಂದಿಗೆ ತಿಗಣೆ ಪ್ರಯಾಣ ಮಾಡುವುದನ್ನಂತೂ ರೈಲಿನಲ್ಲಿ ಊರಿಗೆ ಹೋಗಿಬರುವವರಿಗೆ ಹೇಳಿಕೊಡಬೇಕಾಗಿಲ್ಲ. ದೀರ್ಘಕಾಲ ಆಂಟಿಬಯೋಟಿಕ್ ತೆಗೆದುಕೊಂಡ ವೃದ್ಧರಲ್ಲಿ ಭೇದಿ ಉಂಟುಮಾಡುವ ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಎಂಬ ಜೀವಿಯ ಬೀಜಕಣಗಳು ಗಟ್ಟಿ ಕವಚದವು; ಕೈಗೆ ಹಚ್ಚುವ ಸ್ಯಾನಿಟೈಸರ್ ಅವುಗಳಿಗೆ ಏನೂ ಮಾಡದು.

ಅಷ್ಟೇ ಮುಖ್ಯವಾದ ಇನ್ನೊಂದು ಮಾತಿದೆ. ಕ್ಷಯ ಗಾಳಿಯಿಂದ ಹರಡುವ ರೋಗವೇ ಹೊರತು ವೀಲ್‌ಚೇರಿನಿಂದ ಅಲ್ಲ. ಎಚ್‌ಐವಿ ಕೂಡ ಕುರ್ಚಿಯಲ್ಲಿ ಕುಳಿತದ್ದರಿಂದ ಬರುವುದಿಲ್ಲ. ಕ್ಯಾನ್ಸರ್ ಅಂಟುವುದಿಲ್ಲ. ಇದನ್ನು ಒತ್ತಿ ಹೇಳಲು ಕಾರಣವುಂಟು. ರೋಗದ ಹೆಸರು ಕೇಳಿ ಕುರ್ಚಿ ಕೊಡಲು ಹಿಂಜರಿಯುವವರು, ಹೆಸರು ಹೇಳಿದರೆ ಕೊಡಲಾರರೆಂದು ಮುಚ್ಚಿಡುವ ಮನೆಯವರು, ಇಬ್ಬರೂ ನಮ್ಮಲ್ಲಿದ್ದಾರೆ. ಮುಚ್ಚಿಟ್ಟಲ್ಲಿ ಗಾಯದ ಕೀವು, ಭೇದಿ, ಕಜ್ಜಿಯಂಥ ಹೇಳಲೇಬೇಕಾದ ಸಂಗತಿಯೂ ಮುಚ್ಚಿಹೋಗುತ್ತದೆ. ಯಾರ ರೋಗವನ್ನೂ ಕೇಳದೆ ಪ್ರತಿ ಕುರ್ಚಿಯನ್ನೂ ಒಂದೇ ರೀತಿ ತೊಳೆಯುವುದು ಇದಕ್ಕೆ ಸರಳ ಪರಿಹಾರ. ಆಸ್ಪತ್ರೆಗಳಲ್ಲಿ ಈ ನಿಯಮ ಬಹುಕಾಲದಿಂದ ಇದೆ.

ಆಕ್ಸ್‌ಫರ್ಡಿನ ಆಸ್ಪತ್ರೆಯಲ್ಲಿ ನಡೆದದ್ದು

ಇದೆಲ್ಲ ಅತಿಯಾಯಿತು ಎನ್ನುವವರು ಬ್ರಿಟನ್ನಿನ ಆಕ್ಸ್‌ಫರ್ಡ್‌ನ ದೊಡ್ಡ ಆಸ್ಪತ್ರೆಯೊಂದರ ನರರೋಗ ತೀವ್ರನಿಗಾ ಘಟಕದ ಪ್ರಕರಣವನ್ನು ಗಮನಿಸಬೇಕು. 2015ರಿಂದ 2017ರವರೆಗೆ ಅಲ್ಲಿ 70 ರೋಗಿಗಳಲ್ಲಿ ಕ್ಯಾಂಡಿಡಾ ಆರಿಸ್ ಎಂಬ ಶಿಲೀಂಧ್ರ ಕಂಡುಬಂತು. ಹಲವು ಔಷಧಿಗಳಿಗೆ ಜಗ್ಗದ ಈ ಶಿಲೀಂಧ್ರ ಭಾರತದ ಆಸ್ಪತ್ರೆಗಳಿಗೂ ಹೊಸದಲ್ಲ. ಮೂಲ ಹುಡುಕುತ್ತ ಹೋದ ವೈದ್ಯರಿಗೆ ಕೊನೆಗೆ ಸಿಕ್ಕಿದ್ದು ಕಂಕುಳಲ್ಲಿಟ್ಟು ಜ್ವರ ನೋಡುವ, ಒಬ್ಬರಿಂದ ಒಬ್ಬರಿಗೆ ಬಳಸುವ ಪುಟ್ಟ ಉಪಕರಣ. ಅದನ್ನು ಘಟಕದಿಂದ ತೆಗೆದ ಮೇಲೆಯೇ ಹೊಸ ಪ್ರಕರಣಗಳು ಇಳಿದವು. ಚರ್ಮಕ್ಕೆ ತಾಗುವ, ಒಳಗೆ ಚುಚ್ಚದ, ಯಾರಿಗೂ ಸಂಶಯ ಬಾರದ ಸಾಮಾನು ಅದು. ಶ್ರೀಮಂತ ದೇಶದ, ಎಲ್ಲ ಸೌಕರ್ಯವುಳ್ಳ ಆಸ್ಪತ್ರೆಯ ಕಥೆಯೇ ಹೀಗಾದರೆ ಸಂಘದ ಮೂಲೆಯ ಕುರ್ಚಿಯ ಕಥೆ ಏನು?

ವೈದ್ಯಕೀಯ ಸಲಕರಣೆಗಳನ್ನು ಅಪಾಯದ ಮಟ್ಟಕ್ಕನುಗುಣವಾಗಿ ಮೂರು ದರ್ಜೆಗಳಾಗಿ ವಿಂಗಡಿಸಿದವರು ಅಮೆರಿಕದ ಅರ್ಲ್ ಸ್ಪಾಲ್ಡಿಂಗ್. ಅರ್ಧ ಶತಮಾನ ಕಳೆದರೂ ಜಗತ್ತಿನ ಆಸ್ಪತ್ರೆಗಳು ಅದನ್ನೇ ಅನುಸರಿಸುತ್ತಿವೆ. ದೇಹದೊಳಗೆ ಹೋಗುವ ಶಸ್ತ್ರ ಮೊದಲ ದರ್ಜೆ, ಬಾಯಿ ಗಂಟಲಿನ ಒಳಪೊರೆಗೆ ತಾಗುವ ಸಾಧನ ಎರಡನೆಯದು, ಗಾಯವಿಲ್ಲದ ಚರ್ಮಕ್ಕಷ್ಟೇ ತಾಗುವ ಸಾಮಾನು ಮೂರನೆಯದು. ವೀಲ್‌ಚೇರ್, ಸ್ಟ್ರೆಚರ್, ಬೆಲ್ಟ್ ಈ ಮೂರನೇ ದರ್ಜೆಯವು. ಕುದಿಸುವುದೂ ಬೇಡ, ಆವಿಯ ಯಂತ್ರವೂ ಬೇಡ. ಬಕೆಟ್ಟು, ಬಟ್ಟೆ, ಸೋಪಿನ ಪುಡಿ, ಸರಿಯಾದ ಸೋಂಕುನಾಶಕ ಸಾಕು. ಆದರೆ 'ಗಾಯವಿಲ್ಲದ ಚರ್ಮ' ಎಂಬ ಷರತ್ತನ್ನು ಮರೆಯುವಂತಿಲ್ಲ. ಒತ್ತುಹುಣ್ಣಿರುವ ರೋಗಿಗೆ ಅದು ಅನ್ವಯಿಸುವುದಿಲ್ಲ.

ವಾಸನೆ ಬಂದರೆ ಶುದ್ಧವೇ?

ನಮ್ಮ ಮನೆಗಳಲ್ಲಿ ಶುದ್ಧವೆಂದರೆ ವಾಸನೆ. ಬಕೆಟ್ಟು ನೀರಿಗೆ ನಾಲ್ಕು ಹನಿ ಆಂಟಿಸೆಪ್ಟಿಕ್ ಬಿಟ್ಟು ಒರೆಸಿದರೆ ಆಸ್ಪತ್ರೆಯ ವಾಸನೆ ಬರುತ್ತದೆ, ಮನಸ್ಸಿಗೆ ಸಮಾಧಾನ. ಸೀಸೆಯ ಮೇಲೆ ಬರೆದ ಪ್ರಮಾಣಕ್ಕಿಂತ ಅಷ್ಟು ತೆಳುವಾದ ನೀರು ರೋಗಾಣುವನ್ನು ಕೊಲ್ಲುವುದಿಲ್ಲ. ನೆಲಕ್ಕೆ ಹಾಕುವ ಫಿನಾಯಿಲ್ ನೆಲಕ್ಕೇ ಸರಿ, ಕುರ್ಚಿಯ ರೆಕ್ಸಿನ್‌ಗಲ್ಲ. ಧೂಪ, ಕರ್ಪೂರದ ಹೊಗೆ ಹಾಕಿಸುವವರೂ ಇದ್ದಾರೆ. ಹಾಕಲಿ, ಆದರೆ ತೊಳೆದ ಮೇಲೆ ಹಾಕಲಿ. ಬಿಸಿಲಿಗಿಡುವುದು ಒಳ್ಳೆಯ ಅಭ್ಯಾಸ, ಒದ್ದೆ ಆರುತ್ತದೆ. ಅಷ್ಟರಿಂದಲೇ ಸೋಂಕು ಹೋಯಿತೆಂದು ನಂಬುವಂತಿಲ್ಲ.

ತೊಳೆಯುವುದು ಬೇರೆ, ಸೋಂಕು ಕಳೆಯುವುದು ಬೇರೆ. ಇವೆರಡರ ಕ್ರಮ ತಪ್ಪಿದರೆ ಹಾಕಿದ ಔಷಧಿ ವ್ಯರ್ಥ. ಕ್ಲೋರಿನ್ ಕೊಳೆಯ ಮೇಲೆ ಬಿದ್ದರೆ ಅದರ ಶಕ್ತಿ ಕೊಳೆಯೊಂದಿಗೆ ಹೋರಾಡುವುದರಲ್ಲೇ ಖರ್ಚಾಗಿ ರೋಗಾಣುವಿಗೆ ಉಳಿಯುವುದಿಲ್ಲ. ಆದ್ದರಿಂದ ಮೊದಲು ಸೋಪಿನ ನೀರು, ಆಮೇಲೆ ಸಾದಾ ನೀರು, ಆಮೇಲೆ ಸೋಂಕುನಾಶಕ. ಬಹುಪಾಲು ರೋಗಾಣುಗಳು ಸೋಪಿನ ನೀರಿನೊಂದಿಗೇ ಹೊರಟುಹೋಗುತ್ತವೆ. ಒಂದೇ ಮನೆಯಲ್ಲಿ ಒಬ್ಬರೇ ದಿನವೂ ಬಳಸುವ ಕುರ್ಚಿಗೆ, ರಕ್ತ, ಮಲ, ವಾಂತಿ ತಾಗದಿದ್ದರೆ, ಸೋಪಿನ ನೀರಿನಿಂದ ಒರೆಸಿ ಒಣಗಿಸುವುದೇ ಸಾಕು. ಒಬ್ಬರಿಂದ ಇನ್ನೊಬ್ಬರಿಗೆ ದಾಟುವಾಗ ಮಾತ್ರ ಸೋಂಕುನಾಶಕ ಕಡ್ಡಾಯ.

ಕ್ಲೋರಿನ್ನಿನ ಗುಣ ಹೊಸ ಶೋಧವೇನಲ್ಲ. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯ ಸಹೋದ್ಯೋಗಿಗಳಿಂದ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಿಸಿ ಬಾಣಂತಿಯರ ಸಾವನ್ನು ಗಣನೀಯವಾಗಿ ಇಳಿಸಿದ್ದ. ಆತನ ಮಾತನ್ನು ಬದುಕಿರುವಾಗ ಹೆಚ್ಚಿನವರು ಒಪ್ಪಲಿಲ್ಲ.

ಸೀಸೆಯ ಲೆಕ್ಕ

ಔಷಧಿ ಅಂಗಡಿಯಲ್ಲಿ ಸಿಗುವ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದ ಸೀಸೆಯ ಮೇಲೆ ಶೇಕಡಾ 5 ಅಥವಾ ಶೇಕಡಾ 10 ಎಂದು ನಮೂದಿಸಿರುತ್ತದೆ. ಅದನ್ನು ಹಾಗೆಯೇ ಸುರಿಯುವುದೂ ತಪ್ಪು, ಅಂದಾಜಿಗೆ ಬೆರೆಸುವುದೂ ತಪ್ಪು. ಲೆಕ್ಕ ಬಡ್ಡಿ ಹಾಕುವುದಕ್ಕಿಂತ ಸುಲಭ. ಸೀಸೆಯ ಶೇಕಡಾವಾರನ್ನು ಬೇಕಾದ ಶೇಕಡಾವಾರಿನಿಂದ ಭಾಗಿಸಿ ಒಂದು ಕಳೆದರೆ ಎಷ್ಟು ಪಾಲು ನೀರು ಬೇಕೆಂಬುದು ಸಿಗುತ್ತದೆ. ಒಬ್ಬರಿಂದ ಇನ್ನೊಬ್ಬರಿಗೆ ಹೋಗುವ ಕುರ್ಚಿಗೆ ಶೇಕಡಾ 0.1ರ ದ್ರಾವಣ ಸಾಕು. ಶೇಕಡಾ 5ರ ಸೀಸೆಯಾದರೆ 5ನ್ನು 0.1ರಿಂದ ಭಾಗಿಸಿ 50, ಒಂದು ಕಳೆದು 49. ಅಂದರೆ 20 ಮಿ.ಲೀ. ದ್ರಾವಣಕ್ಕೆ 980 ಮಿ.ಲೀ. ನೀರು. ರಕ್ತ ಅಥವಾ ಮಲ ತಾಗಿದ್ದರೆ ನಮ್ಮ ಆಸ್ಪತ್ರೆಗಳ ಪದ್ಧತಿಯಂತೆ ಶೇಕಡಾ 1ರದ್ದು ಬೇಕು. ಅದೇ ಸೀಸೆಯಿಂದ 200 ಮಿ.ಲೀ.ಗೆ 800 ಮಿ.ಲೀ. ನೀರು. ಅಳೆಯಲು ಮಕ್ಕಳ ಔಷಧಿಯ ಮುಚ್ಚಳವೂ ಒಂದು ಲೀಟರಿನ ನೀರಿನ ಬಾಟಲಿಯೂ ಸಾಕು. ಆ ಬಾಟಲಿಯನ್ನು ಮತ್ತೆ ಕುಡಿಯಲು ಬಳಸದಂತೆ ಆಗಲೇ ಗುರುತು ಹಾಕಿಡಬೇಕು.

ದ್ರಾವಣ ಹಚ್ಚಿದ ತಕ್ಷಣ ಒಣಬಟ್ಟೆಯಲ್ಲಿ ಒರೆಸಿಬಿಡುವುದು ಎಲ್ಲರೂ ಮಾಡುವ ತಪ್ಪು. ಹತ್ತು ನಿಮಿಷ ಅದು ಒದ್ದೆಯಾಗಿಯೇ ಇರಬೇಕು. ಆ ಬಳಿಕ ಸಾದಾ ನೀರಿನ ಬಟ್ಟೆಯಿಂದ ಒರೆಸಲೇಬೇಕು, ಇಲ್ಲದಿದ್ದರೆ ಕ್ರೋಮಿನ ಲೇಪ ತಿಂದು ಕಬ್ಬಿಣ ತುಕ್ಕು ಹಿಡಿಯುತ್ತದೆ. ತುಕ್ಕಿನ ಒರಟಿನಲ್ಲಿ ಕೊಳೆ ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆ. ದ್ರಾವಣವನ್ನು ದಿನದಿನವೂ ಹೊಸದಾಗಿ ತಣ್ಣೀರಿನಲ್ಲೇ ಬೆರೆಸಬೇಕು. ಸೀಸೆಯ ತಯಾರಿಕೆಯ ದಿನಾಂಕ ನೋಡಬೇಕು. ಮೇ ತಿಂಗಳಲ್ಲಿ ಸಂಭಾಜಿನಗರದ ತಾಪಮಾನ 40 ಡಿಗ್ರಿ ದಾಟುತ್ತದೆ. ಅಲ್ಲಿನ ಗ್ಯಾಲರಿಯಲ್ಲಿ ಬಿಸಿಲಿಗಿಟ್ಟ ಸೀಸೆಯಲ್ಲಿ ಹೆಸರಷ್ಟೇ ಉಳಿದು ಶಕ್ತಿ ಇಳಿದುಹೋಗಿರುತ್ತದೆ.

ಎಲ್ಲಕ್ಕಿಂತ ದೊಡ್ಡ ಅಪಾಯ ತೊಳೆಯುವವರಿಗೇ ಇದೆ. ಹೈಪೋಕ್ಲೋರೈಟನ್ನು ಶೌಚಾಲಯ ತೊಳೆಯುವ ಆಸಿಡ್ಡಿನೊಂದಿಗೆ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅಮೋನಿಯಾ ಇರುವ ದ್ರಾವಣದೊಂದಿಗೆ ಸೇರಿಸಿದರೆ ಬೇರೊಂದು ವಿಷಾನಿಲ. ಬಾಗಿಲು ಮುಚ್ಚಿದ ಬಚ್ಚಲಲ್ಲಿ ಕಮೋಡ್ ಕುರ್ಚಿಯನ್ನು ತೊಳೆಯುವಾಗ "ಎರಡೂ ಹಾಕಿದರೆ ಚೆನ್ನಾಗಿ ಹೋಗುತ್ತದೆ" ಎಂದು ಬೆರೆಸುವವರಿದ್ದಾರೆ. ಹಾಗೆ ಮಾಡಿದರೆ ಶ್ವಾಸಕೋಶಕ್ಕೆ ಪೆಟ್ಟು ಬೀಳುತ್ತದೆ. ಕೆಲಸ ಗ್ಯಾಲರಿಯಲ್ಲೋ ಅಂಗಳದಲ್ಲೋ ನಡೆಯಬೇಕು, ಕೈಗೆ ರಬ್ಬರ್ ಗವಸು ಇರಬೇಕು, ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಬೇಕು. ಮನೆಗೆಲಸದ ಬಾಯಿಗೆ ಈ ಕೆಲಸ ಹೇಳುವವರು ಗವಸನ್ನೂ ಕೊಡಬೇಕು, ಯಾವುದರೊಂದಿಗೆ ಯಾವುದನ್ನು ಬೆರೆಸಬಾರದೆಂದು ಅವಳ ಭಾಷೆಯಲ್ಲೇ ತಿಳಿಸಬೇಕು.

ಸ್ಪ್ರೇ ಹೊಡೆದ ಕಾಲ

2020ರ ಕೊರೋನಾ ದಿನಗಳಲ್ಲಿ ಹೈಪೋಕ್ಲೋರೈಟಿನ ಹೆಸರು ಪ್ರತಿ ಮನೆಯಲ್ಲೂ ಕೇಳಿಬಂತು. ಕಂಡಕಂಡಲ್ಲಿ ಸ್ಪ್ರೇ ಹೊಡೆಯಲಾಯಿತು. ಆ ವರ್ಷದ ಮಾರ್ಚ್ ಕೊನೆಯಲ್ಲಿ ಉತ್ತರಪ್ರದೇಶದ ಬರೇಲಿಯಲ್ಲಿ ಊರಿಗೆ ಮರಳುತ್ತಿದ್ದ ಕಾರ್ಮಿಕರನ್ನು ರಸ್ತೆಯಲ್ಲಿ ಕೂರಿಸಿ ಅವರ ಮೈಮೇಲೆಯೇ ದ್ರಾವಣ ಎರಚಿದ ದೃಶ್ಯ ದೇಶವೆಲ್ಲ ನೋಡಿತು. ಮನುಷ್ಯರ ಮೇಲೆ ಸೋಂಕುನಾಶಕ ಎರಚುವುದು ಹಾನಿಕರವೆಂದು ಕೇಂದ್ರ ಆರೋಗ್ಯ ಸಚಿವಾಲಯ ಏಪ್ರಿಲ್‌ನಲ್ಲಿ ತಿಳಿಸಿತು. ಒಳಾಂಗಣದ ವಸ್ತುಗಳಿಗೂ ಸ್ಪ್ರೇಗಿಂತ ಒದ್ದೆಬಟ್ಟೆಯಿಂದ ಒರೆಸುವುದೇ ಸರಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಮೇ ತಿಂಗಳಲ್ಲಿ ಹೇಳಿತು. ಸ್ಪ್ರೇ ಬಿದ್ದಲ್ಲಿ ಬೀಳುತ್ತದೆ, ಸಂದಿಗೆ ಹೋಗುವುದಿಲ್ಲ, ಹೊಡೆಯುವವರ ಮೂಗಿಗೆ ಮಾತ್ರ ತಪ್ಪದೆ ಹೋಗುತ್ತದೆ. ಆಗ ಕೊಂಡ ಪಂಪುಗಳು ಇನ್ನೂ ಕೆಲವು ಸಂಘಗಳ ಅಟ್ಟದಲ್ಲಿರಬಹುದು. ವೀಲ್‌ಚೇರಿಗೆ ಅವು ಬೇಡ.

ಎಲ್ಲಿಂದ ಆರಂಭಿಸುವುದು

ವೀಲ್‌ಚೇರಿನಲ್ಲಿ ಅತಿ ಹೆಚ್ಚು ಕೈ ತಾಗುವುದು ಹಿಂದಿನಿಂದ ತಳ್ಳುವವರ ಹಿಡಿಕೆಗೆ. ಹೆಚ್ಚಿನವರು ಒರೆಸದೆ ಬಿಡುವುದೂ ಅದನ್ನೇ. ಹಿಡಿಕೆ, ಕೈಯೊರಗು, ಬ್ರೇಕಿನ ಕಡ್ಡಿ, ಆಸನ, ಪಾದದ ಹಲಗೆ, ಕೊನೆಗೆ ಚಕ್ರ, ಹೀಗೆ ಮೇಲಿನಿಂದ ಕೆಳಗೆ, ಕಡಿಮೆ ಕೊಳೆಯಿಂದ ಹೆಚ್ಚು ಕೊಳೆಯ ಕಡೆಗೆ ಬರಬೇಕು. ಚಕ್ರ ಒರೆಸಿದ ಬಟ್ಟೆ ಮತ್ತೆ ಹಿಡಿಕೆಗೆ ಹೋಗಬಾರದು. ಮಡಚುವ ಕುರ್ಚಿಯ ಅಡ್ಡಪಟ್ಟಿಗಳು ಸೇರುವ ಜಾಗಕ್ಕೆ ಹಳೆಯ ಹಲ್ಲುಜ್ಜುವ ಬ್ರಷ್ಷೇ ಆಗಬೇಕು. ಮುಂದಿನ ಸಣ್ಣ ಚಕ್ರದ ಅಚ್ಚಿಗೆ ಕೂದಲು, ನೂಲು ಸುತ್ತಿಕೊಂಡು ಕುರ್ಚಿ ಒಂದು ಕಡೆ ಎಳೆಯುತ್ತದೆ. ಅದನ್ನು ಬ್ಲೇಡಿನಿಂದ ಕತ್ತರಿಸಿ ತೆಗೆಯಬೇಕು.

ಆಸನದ ರೆಕ್ಸಿನ್ ಹರಿದಿದ್ದರೆ ಎಷ್ಟು ತೊಳೆದರೂ ಪ್ರಯೋಜನವಿಲ್ಲ. ಹರಿದಲ್ಲಿಂದ ಒಳಗಿಳಿದ ಮೂತ್ರ ಸ್ಪಂಜಿನಲ್ಲಿ ಕುಳಿತಿರುತ್ತದೆ, ಮೇಲೆ ಸೆಲ್ಲೋಟೇಪ್ ಅಂಟಿಸಿದರೆ ಒಳಗಿನದು ಒಳಗೇ ಉಳಿಯುತ್ತದೆ. ದಿಂಬಿನ ಜಿಪ್ ತೆರೆದು ಸ್ಪಂಜಿನ ಮೇಲೆ ಕಲೆ ಕಂಡರೆ ಅದನ್ನು ಎಸೆದು ಹೊಸದು ಹಾಕಿಸಬೇಕು. ಗಾದಿ ಹೊಲಿಯುವವರು ಅಳತೆ ಕೊಟ್ಟರೆ ಮಾಡಿಕೊಡುತ್ತಾರೆ. ಈ ಖರ್ಚನ್ನು ಉಳಿಸಲು ಹೋಗಿ ಇನ್ನೊಬ್ಬ ಹಿರಿಯರ ಒತ್ತುಹುಣ್ಣಿಗೆ ಸೋಂಕು ತಗುಲಿದರೆ ಆಸ್ಪತ್ರೆಯ ಬಿಲ್ಲು ಯಾವ ಖಾತೆಗೆ ಬರೆಯುವುದು?

ನೀರಿನ ಮಾತೂ ಇಲ್ಲಿ ಬರುತ್ತದೆ. ನಾಸಿಕ್‌ಗೆ ಗಂಗಾಪುರ ಜಲಾಶಯ, ಸಂಭಾಜಿನಗರಕ್ಕೆ ಪೈಠಣದ ಜಾಯಕ್‌ವಾಡಿ, ಎರಡೂ ಗೋದಾವರಿಯವೇ. ಆದರೂ ಸಂಭಾಜಿನಗರದ ಬಡಾವಣೆಗಳು ವರ್ಷಗಟ್ಟಲೆ ನಾಲ್ಕಾರು ದಿನಕ್ಕೊಮ್ಮೆ ನಳ್ಳಿ ನೀರು ಕಂಡವು. ಪೈಪು ಹಿಡಿದು ಕುರ್ಚಿ ತೊಳೆಯುವುದು ಅಲ್ಲಿನವರಿಗೆ ಆಗುವ ಮಾತಲ್ಲ. ಅದೃಷ್ಟಕ್ಕೆ ಅದರ ಅಗತ್ಯವೂ ಇಲ್ಲ. ಪೈಪಿನ ನೀರು ಬೇರಿಂಗಿಗೆ ಹೋಗಿ ಹಾಳು ಮಾಡುತ್ತದೆ. ಎರಡು ಸಣ್ಣ ಬಕೆಟ್ಟು, ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ನೀರು, ಹೀಗೆ ಇಟ್ಟುಕೊಂಡರೆ ಒಂದು ಕುರ್ಚಿ ಆರೇಳು ಲೀಟರಿನಲ್ಲಿ ಮುಗಿಯುತ್ತದೆ. ವಿದ್ಯುತ್ ಲಿಫ್ಟ್ ಆದರೆ ಪ್ಲಗ್ ತೆಗೆದು, ಮೋಟಾರು ಮತ್ತು ರಿಮೋಟಿನ ಮೇಲೆ ನೀರು ಸುರಿಯದೆ, ಹಿಂಡಿದ ಬಟ್ಟೆಯಿಂದ ಮಾತ್ರ ಒರೆಸಬೇಕು.

ಲಿಫ್ಟಿನ ಜೋಲಿಯ ವಿಚಾರ ಬೇರೆ. ಅದು ಬಟ್ಟೆ, ಒಬ್ಬ ಮನುಷ್ಯನ ಪೂರ್ತಿ ಭಾರ ಅದರ ಹೊಲಿಗೆಯ ಮೇಲೆ ನಿಂತಿರುತ್ತದೆ. ಬ್ಲೀಚಿನಲ್ಲಿ ನೆನೆಸಿದರೆ ನೈಲಾನ್ ನೂಲು ಬಲ ಕಳೆದುಕೊಳ್ಳುತ್ತದೆ, ಇಸ್ತ್ರಿ ಹಾಕಿದರೆ ಪಟ್ಟಿ ಕರಗುತ್ತದೆ. ಹೊಲಿದಿರುವ ಚೀಟಿಯಲ್ಲಿ ಎಷ್ಟು ಬಿಸಿ ನೀರು, ಎಷ್ಟು ಭಾರ ಎಂದು ಬರೆದಿರುತ್ತದೆ. ಚೀಟಿ ಅಳಿಸಿಹೋಗಿದ್ದರೆ, ಕುಣಿಕೆಯ ನೂಲು ಎದ್ದಿದ್ದರೆ ಆ ಜೋಲಿಯನ್ನು ಕತ್ತರಿಸಿ ಎಸೆಯಬೇಕು. ಕತ್ತರಿಸದೆ ಎಸೆದರೆ ಯಾರೋ ಎತ್ತಿಕೊಂಡು ಬಳಸುತ್ತಾರೆ. ಒಬ್ಬರ ಜೋಲಿ ಇನ್ನೊಬ್ಬರಿಗೆ ಕೊಡದಿರುವುದೇ ಲೇಸು. ಜಾರುಹಾಳೆಗೂ ಇದೇ ಮಾತು.

ಮಾವಶಿ, ಮಾಮಾ

ಆಸ್ಪತ್ರೆಗಳ ಪರಿಸ್ಥಿತಿ ಬೇರೆ ತೆರನದ್ದು. 1956ರಲ್ಲಿ ಆರಂಭವಾದ ಸಂಭಾಜಿನಗರದ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಜನರ ಬಾಯಲ್ಲಿ 'ಘಾಟಿ'. ಜಾಲ್ನಾ, ಬೀಡ್, ಪರಭಣಿ, ಹಿಂಗೋಲಿಗಳಿಂದ ರೋಗಿಗಳು ಅಲ್ಲಿಗೆ ಬರುತ್ತಾರೆ. ಇಂಥ ದೊಡ್ಡ ಆಸ್ಪತ್ರೆ ಯಾವುದೇ ಊರಿನದಿರಲಿ, ಒಂದು ಸ್ಟ್ರೆಚರ್ ದಿನಕ್ಕೆ ಎಷ್ಟು ಮೈ ಹೊರುತ್ತದೆಂದು ಎಣಿಸುವುದು ಕಷ್ಟ. ಒಬ್ಬರನ್ನು ಎಕ್ಸ್‌ರೇಗೆ ಇಳಿಸಿದೊಡನೆ ಇನ್ನೊಬ್ಬರು ಕಾದಿರುತ್ತಾರೆ. ಮಹಾರಾಷ್ಟ್ರದ ಆಸ್ಪತ್ರೆಗಳಲ್ಲಿ ಸ್ಟ್ರೆಚರ್ ತಳ್ಳುವವರು, ಒರೆಸುವವರು 'ಮಾವಶಿ' ಮತ್ತು 'ಮಾಮಾ'. ಚಿಕ್ಕಮ್ಮ, ಸೋದರಮಾವ ಎಂಬ ಈ ಅಕ್ಕರೆಯ ಹೆಸರಿಗೆ ತಕ್ಕ ಸಂಬಳವಾಗಲಿ ಗವಸಾಗಲಿ ಎಲ್ಲ ಕಡೆ ಸಿಗುವುದಿಲ್ಲ. ಅವರ ಮೇಲೆ ಕೂಗಾಡುವ ಬದಲು "ಮಾವಶಿ, ಜರಾ ಪುಸೂನ್ ದೇತಾ ಕಾ?" ಎಂದು ಕೇಳಿದರೆ ಒರೆಸಿಕೊಡುತ್ತಾರೆ. ರೋಗಿಯೊಂದಿಗೆ ಹೋಗುವವರು ಮನೆಯಿಂದ ಒಂದು ಒಗೆದ ಚಾದರವನ್ನೂ ಒಂದು ಸಣ್ಣ ಬಟ್ಟೆಯನ್ನೂ ಚೀಲದಲ್ಲಿ ಇಟ್ಟುಕೊಂಡರೆ ಒಳ್ಳೆಯದು. ಸ್ಟ್ರೆಚರಿನ ಬೆಲ್ಟಿನಲ್ಲಿ ಕೂದಲು, ಒಣಗಿದ ಕಲೆ ಕಂಡರೆ ಬೇರೆ ಸ್ಟ್ರೆಚರ್ ಕೇಳುವುದರಲ್ಲಿ ಸಂಕೋಚ ಬೇಡ.

ಈ ವಿಷಯದಲ್ಲಿ ಕಾಸರಗೋಡಿನ ಕನ್ನಡಿಗರು ಒಂದು ಹೆಜ್ಜೆ ಮುಂದಿದ್ದಾರೆ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎರಚಿದ ಎಂಡೋಸಲ್ಫಾನ್ ಎಣ್ಮಕಜೆಯಂಥ ಹಳ್ಳಿಗಳಲ್ಲಿ ಹಾಸಿಗೆ ಬಿಟ್ಟೇಳದ ಮಕ್ಕಳನ್ನು, ಅವರನ್ನು ಎತ್ತಿ ಇಳಿಸುತ್ತಲೇ ಮುದುಕಿಯರಾದ ತಾಯಂದಿರನ್ನು ಉಳಿಸಿತು. ಕೇರಳ ಸರಕಾರ 2008ರಲ್ಲಿ ಉಪಶಾಮಕ ಆರೈಕೆಗೆಂದೇ ನೀತಿ ರೂಪಿಸಿದ ಮೇಲೆ ಪಂಚಾಯಿತಿ ಮಟ್ಟದಲ್ಲಿ ದಾದಿಯರು ಮನೆಮನೆಗೆ ಬರುವ ವ್ಯವಸ್ಥೆ ಬೆಳೆಯಿತು. ಸಾಮಾನು ಕೊಟ್ಟುಬಿಟ್ಟರೆ ಮುಗಿಯಿತು ಎನ್ನುವಂತಿಲ್ಲ; ಅದನ್ನು ಹೇಗೆ ಬಳಸುತ್ತಿದ್ದಾರೆ, ಮೈಯಲ್ಲಿ ಹುಣ್ಣಾಗಿದೆಯೇ ಎಂದು ನೋಡಲು ಒಬ್ಬರು ಮನೆಗೆ ಬರುತ್ತಾರೆ. ಹೊರನಾಡಿನ ಸಂಘಗಳಿಗೆ ದಾದಿಯನ್ನು ನೇಮಿಸುವ ಶಕ್ತಿ ಇರಲಿಕ್ಕಿಲ್ಲ. ನಿವೃತ್ತ ದಾದಿಯರು ನಮ್ಮ ಸಮಾಜ ಬಾಂಧವರಲ್ಲೇ ಇದ್ದಾರೆ, ಕೇಳಿದರೆ ಬಂದಾರು.

ಸಂಘ ಮಾಡಬಹುದಾದದ್ದು

ವೀಲ್‌ಚೇರ್ ದಾನ ಮಾಡುವವರಿಗೆ ನಮ್ಮಲ್ಲಿ ಕೊರತೆಯಿಲ್ಲ. ತೀರಿಹೋದ ಹಿರಿಯರ ಸ್ಮರಣಾರ್ಥ ಕೊಡುವ ಕುರ್ಚಿಗೆ ಹೆಸರಿನ ತಗಡು ಹೊಡೆಸಿ, ಶಾಲು ಹೊದಿಸಿ, ಫೋಟೊ ತೆಗೆಸಿ ಸ್ವೀಕರಿಸುತ್ತಾರೆ. ಮರುವರ್ಷ ಆ ತಗಡಿನ ಅಂಚಿನಲ್ಲೇ ಕೊಳೆ ಕಟ್ಟಿರುತ್ತದೆ. ಕುರ್ಚಿ ಕೊಂಡ ಖರ್ಚು ವಾರ್ಷಿಕ ಲೆಕ್ಕಪತ್ರದಲ್ಲಿ ಆಸ್ತಿಯಾಗಿ ಕಾಣಿಸಿಕೊಳ್ಳುತ್ತದೆ. ಬ್ರಷ್ಷು, ಬಕೆಟ್ಟು, ಗವಸು, ಸೀಸೆ, ವರ್ಷಕ್ಕೊಮ್ಮೆ ದಿಂಬು ಇವುಗಳಿಗೆ ಒಂದು ಬಾಬ್ತೇ ಇರುವುದಿಲ್ಲ. ಮಹಾಸಭೆಯಲ್ಲಿ ಚಹಾ ತಿಂಡಿಯ ಖರ್ಚಿನ ಬಗ್ಗೆ ಅರ್ಧ ಗಂಟೆ ಚರ್ಚಿಸುವ ಸದಸ್ಯರು ಈ ಬಾಬ್ತಿನ ಬಗ್ಗೆ ಒಂದು ಪ್ರಶ್ನೆ ಕೇಳಿದರೂ ಸಾಕು.

ಬೇಕಾಗಿರುವುದು ನೂರು ಪುಟದ ಒಂದು ನೋಟುಬುಕ್ಕು. ಪ್ರತಿ ಸಾಮಾನಿಗೆ ಒಂದು ನಂಬರು, ಒಂದು ಪುಟ. ಹೋದ ದಿನ, ಬಂದ ದಿನ, ತೊಳೆದ ದಿನ, ತೊಳೆದವರ ಸಹಿ, ಕಂಡ ದೋಷ. ರೋಗದ ಹೆಸರು ಅದರಲ್ಲಿ ಬೇಡ, ನಾಲ್ಕು ಜನ ತೆರೆದು ನೋಡುವ ಪುಸ್ತಕ ಅದು. 'ರಕ್ತ, ಮಲ, ಕೀವು ತಾಗಿತ್ತು: ಹೌದು ಅಥವಾ ಇಲ್ಲ' 'ಕಜ್ಜಿ, ತಿಗಣೆ: ಹೌದು ಅಥವಾ ಇಲ್ಲ' ಇಷ್ಟೇ ಸಾಕು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ತೊಳೆದ ಸಾಮಾನಿಗೆ ದಿನಾಂಕ, ಸಹಿ ಹಾಕಿದ ಹಸಿರು ಚೀಟಿ ಅಂಟಿಸುವ ಪದ್ಧತಿ ಇದೆ. ಚೀಟಿ ಇಲ್ಲದ್ದನ್ನು ಯಾರೂ ಮುಟ್ಟುವುದಿಲ್ಲ. ಒಂದು ಹಸಿರು ದಾರ, ಒಂದು ಕೆಂಪು ದಾರದಿಂದಲೂ ಈ ಕೆಲಸ ಆಗುತ್ತದೆ.

2026-27 ನಾಸಿಕ್-ತ್ರ್ಯಂಬಕೇಶ್ವರಕ್ಕೆ ಸಿಂಹಸ್ಥ ಕುಂಭಮೇಳದ ಕಾಲ. 2015ರಲ್ಲಿ ಆದಂತೆ ಊರಿನಿಂದ ನೆಂಟರಿಷ್ಟರು, ಅವರ ಜೊತೆ ನಡೆಯಲಾರದ ಹಿರಿಯರು ಬಂದಾಗ ಸಂಘದ ಕುರ್ಚಿಗೆ ಒಂದರ ಹಿಂದೊಂದು ಕೋರಿಕೆ ಬರುವುದು ಸಹಜ. ಬೆಳಿಗ್ಗೆ ವಾಪಸು ಬಂದದ್ದನ್ನು ಮಧ್ಯಾಹ್ನ ಕೊಡಬೇಕಾದ ಅಂಥ ದಿನಗಳಲ್ಲೂ ಸೋಪಿನ ನೀರು, ಹತ್ತು ನಿಮಿಷದ ದ್ರಾವಣ, ಸಾದಾ ನೀರು, ಒಣಬಟ್ಟೆ ಎಲ್ಲ ಸೇರಿ ಅರ್ಧ ಗಂಟೆಗಿಂತ ಹೆಚ್ಚು ಬೇಕಾಗುವುದಿಲ್ಲ.

ಠೇವಣಿ ಹಿಂತಿರುಗಿಸುವ ಮೊದಲು ಕುರ್ಚಿಯನ್ನು ಬಿಡಿಸಿ, ದಿಂಬು ಎತ್ತಿ, ಮಗುಚಿ ನೋಡುವುದು ಒಳ್ಳೆಯದು. ಕೊಡುವ ಮೊದಲು ಇನ್ನೊಂದು ಪರೀಕ್ಷೆ ಇದೆ. ತೊಳೆದ ಕುರ್ಚಿಯ ಟಯರು ಮತ್ತು ಬ್ರೇಕಿನ ನಡುವೆ ತೇವ ಉಳಿದಿದ್ದರೆ ಬ್ರೇಕ್ ಹಿಡಿಯದೆ ಜಾರುತ್ತದೆ, ಹಾಸಿಗೆಯಿಂದ ಕುರ್ಚಿಗೆ ಇಳಿಯುವ ಹಿರಿಯರು ಬೀಳುವುದು ಅಲ್ಲೇ. ಎರಡೂ ಬ್ರೇಕ್ ಹಾಕಿ, ಗಟ್ಟಿಮುಟ್ಟಾದ ಒಬ್ಬರನ್ನು ಕೂರಿಸಿ, ಹಿಂದಿನಿಂದ ಒಮ್ಮೆ ಬಲವಾಗಿ ತಳ್ಳಿ ನೋಡಬೇಕು. ಕುರ್ಚಿ ಅಲುಗದಿದ್ದರೆ ಹಸಿರು ದಾರ ಕಟ್ಟಬಹುದು.